ಪ್ರತಿಕ್ರಿಯೆ: ಅಪ್‌ಡೇಟ್ ಆದಮ್ಯಾಲ ಸ್ಕೈರಿಮ್ ಮಾಡ್ ನಡೀವಲ್ವು

ಸ್ಟೀಮ್ ಅಪ್‌ಡೇಟ್ ಆದಮ್ಯಾಲ ಸ್ಕೈರಿಮ್ ಸ್ಪೆಷಲ್ ಎಡಿಶನ್ ಆಟದಾಗ ಮಾಡ್ (ಆಟ ಬದಲಿಸಾಕ ಬ್ಯಾರೇದವರು ಮಾಡಿದ ಫೈಲು) ನಡೀವಲ್ವು, ಅವನ್ನ ಮಾಡಿದವರೂ ಬಿಟ್ಟು ಹೋಗ್ಯಾರ ಅಂದ್ರಲ್ಲ, ಬಹುಶಃ ಮಾಡ್ ಕೆಟ್ಟಿಲ್ಲ. ಆಟದ ವರ್ಶನ್ ಬದಲಾಗೈತಿ, ನಿಮ್ಮ ಎಸ್‌ಕೆಎಸ್‌ಇ (ಎಷ್ಟೋ ಮಾಡ್ ನಡೀಯಾಕ ಬೇಕಾಗೂ ಪ್ರೋಗ್ರಾಮ್) ಹಳೇದು ಉಳದೈತಿ.

ಮೊದಲ ಸೇವ್ ಫೈಲ್ ಕಾಪಿ ಇಟ್ಕೋರಿ. ಆಟದ ಎಕ್ಸ್‌ಇ ಫೈಲಿನ ಮ್ಯಾಲ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಾಗ ಡೀಟೇಲ್ಸ್ ನೋಡ್ರಿ. 1.5.97 ಇದ್ರ ಹಳೇದು, 1.6 ಅಂತ ಶುರು ಆದ್ರ ನವೆಂಬರ್ 2021ರ ಈಚಿನದು. ಆ ವರ್ಶನ್‌ಗೆ ಹೊಂದೂ ಎಸ್‌ಕೆಎಸ್‌ಇ, ಅಡ್ರೆಸ್ ಲೈಬ್ರರಿ (ಎಸ್‌ಕೆಎಸ್‌ಇ ಮಾಡ್‌ಗಳಿಗೆ ಬೇಕಾಗೂ ಇನ್ನೊಂದು ಫೈಲು) ಎರಡೂ ಹಾಕ್ರಿ. ಆಟಾನ ಎಸ್‌ಕೆಎಸ್‌ಇ ಲೋಡರ್‌ನಿಂದನ ತೆಗೀರಿ.

ಆದ್ರೂ ಬರಲಿಲ್ಲಂದ್ರ ಡಾಕ್ಯುಮೆಂಟ್ಸ್, ಮೈ ಗೇಮ್ಸ್ ಒಳಗ ಸ್ಕೈರಿಮ್ ಸ್ಪೆಷಲ್ ಎಡಿಶನ್ ಫೋಲ್ಡರಿನಾಗ ಎಸ್‌ಕೆಎಸ್‌ಇ ಲಾಗ್ (ಏನು ಲೋಡ್ ಆತು, ಏನು ಆಗಲಿಲ್ಲ ಅಂತ ಬರದಿಟ್ಟ ಫೈಲು) ಐತಿ, ಓದ್ರಿ. ಹುಬ್ಬಳ್ಳಿ ರೂಮಿನಾಗ ನನ್ನ ಲ್ಯಾಪ್‌ಟಾಪಿಗೂ ಹಿಂಗ ಆಗಿತ್ತು. ಲಾಗಿನಾಗ ಎರಡ ಡಿಎಲ್‌ಎಲ್ (ಮಾಡಿನ ಕೋಡ್ ಇರೂ ಫೈಲು) ಹೆಸರಿನ ಮುಂದ 'ಇನ್‌ಕಂಪ್ಯಾಟಿಬಲ್' (ಹೊಂದೂದಿಲ್ಲ) ಅಂತ ಇತ್ತು, ಅವನ್ನ ತಗದಕೂಡ್ಲೆ ಮೆನು ಬಂತು. ಬರೇ ಟೆಕ್ಸ್‌ಚರ್ ಬದಲಿಸೂ ಮಾಡ್‌ಗೆ ಈ ತ್ರಾಸ ಇಲ್ಲ, ಅವನ್ನ ಮುಟ್ಟಬ್ಯಾಡ್ರಿ.

ಮಾಡಿದವರು ಬಿಟ್ಟು ಹೋದ್ರೂ ಆಸೆ ಬಿಡಬ್ಯಾಡ್ರಿ. ಸೋರ್ಸ್ ಕೋಡ್ ತೆರೆದಿಟ್ಟ ಎಷ್ಟೋ ಹಳೇ ಮಾಡ್‌ಗಳನ್ನ ಬ್ಯಾರೇದವರು ಎತ್ಕೊಂಡು, ಹಳೇ ಹೊಸ ಎರಡೂ ವರ್ಶನ್‌ಗೆ ನಡೀವಂಗ ಮಾಡ್ಯಾರ. ಮಾಡ್ ಸಿಗೂ ನೆಕ್ಸಸ್ ಮಾಡ್ಸ್ ವೆಬ್‌ಸೈಟಿನಾಗ ಮಾಡಿನ ಹೆಸರಿನ ಜೋಡಿ 'ಎನ್‌ಜಿ' ಸೇರಿಸಿ ಹುಡುಕ್ರಿ, ಇಂಥ ಎಷ್ಟೋ ಮಾಡಿನ ಹೆಸರಿನಾಗ ಅದು ಇರತೈತಿ. ನಿಮ್ಮದು ಯಾವ ಮಾಡ್ ಅಂತ ಬರದಿಲ್ಲ, ಅದಕ್ಕ ಸಿಕ್ಕ ಸಿಗತೈತಿ ಅನ್ನಾಕ ಆಗೂದಿಲ್ಲ. ಸಿಗಲಿಲ್ಲಂದ್ರ ಲಾಗಿನ ಕಡೀ ಹತ್ತು ಸಾಲು ಇಲ್ಲಿ ಹಾಕ್ರಿ.