ಕಲ್ಲಿಗೂ ಚಂದ್ರನಿಗೂ ಒಂದೇ ಸೂರು

ಓದುಗರ ಪ್ರಶ್ನೆಗಳಿಗೆ ನಿವೃತ್ತ ಭೂವಿಜ್ಞಾನ ಅಧ್ಯಾಪಕಿಯ ಉತ್ತರ

ಪ್ರಶ್ನೆ: ಮಗಳು ಜೆಇಇ ಅಡ್ವಾನ್ಸ್ಡ್ ಬರೆದಿದ್ದಾಳೆ. ತಿರುವನಂತಪುರದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ‘ಭೂ ಮತ್ತು ಬಾಹ್ಯಾಕಾಶ ವಿಜ್ಞಾನ’ ವಿಭಾಗವೇ ಬೇಕೆಂದು ಹಟ ಹಿಡಿದಿದ್ದಾಳೆ. ಇಂತಹ ವಿಭಾಗಗಳ ಗುರಿಗಳನ್ನು ಓದಿದರೆ ಎಲ್ಲಿ ನೋಡಿದರೂ ಬೋಧನೆ, ಸಂಶೋಧನೆ, ಸಮಾಜಸೇವೆ ಎಂಬ ಮಾತುಗಳೇ. ಕಲ್ಲು ಓದುವವರನ್ನೂ ನಕ್ಷತ್ರ ನೋಡುವವರನ್ನೂ ಒಂದೇ ಕಡೆ ಕೂಡಿಹಾಕಿದ್ದೇಕೆ? ಕೊನೆಗೆ ಅವರು ಏನಾಗುತ್ತಾರೆ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಅಂತಹ ಗುರಿಗಳನ್ನು ಬರೆದ ಪಾಪದಲ್ಲಿ ನನಗೂ ಪಾಲಿದೆ ಸ್ವಾಮಿ. ನಾನಿದ್ದ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವ ಹಿಂದಿನ ರಾತ್ರಿ ಮೂವರು ಅಧ್ಯಾಪಕರು ಕುಳಿತು ಒಂದು ಪುಟ ತುಂಬಿಸಿದೆವು. ‘ಶ್ರೇಷ್ಠತೆ’ ಎಂಬ ಪದ ನಾಲ್ಕು ಸಲ ಬಂದಿತ್ತು. ಎರಡನ್ನು ನಾನು ಹೊಡೆದುಹಾಕಿದೆ. ಸಮಿತಿಯವರು ಆ ಪುಟ ಓದಲಿಲ್ಲ, ಚಹಾ ಕುಡಿದು ಹೋದರು. ಆದ್ದರಿಂದ ಪುಟವನ್ನು ಬಿಟ್ಟು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ.

1868ರ ಆಗಸ್ಟ್ 18ರಂದು ಆಂಧ್ರದ ಗುಂಟೂರಿನಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ನೋಡಲೆಂದೇ ಫ್ರಾನ್ಸಿನಿಂದ ಜಾನ್ಸೆನ್ ಎಂಬ ವಿಜ್ಞಾನಿ ಅಲ್ಲಿಗೆ ಬಂದಿದ್ದರು. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಪ್ರತಿ ಧಾತುವಿಗೂ ಅದರದೇ ಗೆರೆಗಳು ಕಾಣುತ್ತವೆ. ಆ ವರ್ಷ ಸೂರ್ಯನ ಅಂಚಿನ ಬೆಳಕನ್ನು ಹೀಗೆ ಬಿಡಿಸಿ ನೋಡಿದಾಗ ಕಂಡ ಒಂದು ಹಳದಿ ಗೆರೆ ಆಗ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಇದು ಹೊಸ ಧಾತು ಎಂದರು ಇಂಗ್ಲೆಂಡಿನ ಲಾಕ್ಯರ್. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಆಯಿತು. 27 ವರ್ಷಗಳ ನಂತರ, 1895ರಲ್ಲಿ, ರಾಮ್ಸೆ ಎಂಬ ರಸಾಯನ ವಿಜ್ಞಾನಿ ಯುರೇನಿಯಂ ಇರುವ ಒಂದು ಖನಿಜಕ್ಕೆ ಆಮ್ಲ ಹಾಕಿ ಹೊರಬಂದ ಅನಿಲವನ್ನು ಪರೀಕ್ಷಿಸಿದರು. ಅಲ್ಲೂ ಅದೇ ಹಳದಿ ಗೆರೆ! ಸೂರ್ಯನಲ್ಲಿ ಸಿಕ್ಕಿದ್ದು ಕಲ್ಲಿನೊಳಗೂ ಕುಳಿತಿತ್ತು. ಕಲ್ಲಿನವರನ್ನೂ ಸೂರ್ಯನವರನ್ನೂ ಬೇರೆ ಬೇರೆ ಕಟ್ಟಡದಲ್ಲಿ ಇಡುವುದು ನಮ್ಮ ಅನುಕೂಲಕ್ಕೆ, ಅಷ್ಟೇ.

ಇತ್ತೀಚಿನದನ್ನೇ ನೋಡಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಪ್ರಜ್ಞಾನ್ ರೋವರ್ ನೂರು ಮೀಟರಿನಷ್ಟು ದಾರಿ ನಡೆದು 23 ಕಡೆ ಮಣ್ಣಿನ ಪರೀಕ್ಷೆ ಮಾಡಿತು. ಯಾವ ಧಾತು ಎಷ್ಟಿದೆ ಎಂದು ಸಿಕ್ಕ ಲೆಕ್ಕ ಅನಾರ್ಥೊಸೈಟ್ ಎಂಬ ಬಿಳಿಯ ಶಿಲೆಗೆ ಹೊಂದುತ್ತದೆ. ಚಂದ್ರ ಹುಟ್ಟಿದಾಗ ಇಡೀ ಮೇಲ್ಮೈ ಕರಗಿದ ಶಿಲೆಯ ಕಡಲಾಗಿತ್ತು, ಹಗುರವಾದ ಖನಿಜಗಳು ಹಾಲಿನ ಕೆನೆಯಂತೆ ಮೇಲೆ ಬಂದು ಗಟ್ಟಿಯಾದವು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಅದೇ ಜಾತಿಯ ಶಿಲೆ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿದೆ. ಇಸ್ರೋದ ಪರೀಕ್ಷೆಗಳಿಗೆ ಚಂದ್ರನ ಮಣ್ಣಿನಂತಹ ಪುಡಿ ಬೇಕಾದಾಗ ಆ ಊರಿನ ಕಲ್ಲನ್ನೇ ಪುಡಿ ಮಾಡಿದರು. ಯಾವ ಊರಿನ ಕಲ್ಲು ಚಂದ್ರನ ಕಲ್ಲಿಗೆ ಹತ್ತಿರ ಎಂದು ಹೇಳಲು ಸುತ್ತಿಗೆ ಹಿಡಿದು ಬಿಸಿಲಲ್ಲಿ ಅಲೆದವರೇ ಬೇಕು.

ಕಲ್ಲು ಗೊತ್ತಿದ್ದು ಬೆಳಕು ಗೊತ್ತಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚಿನಲ್ಲಿ ಮೇಲೆ ಹೋಯಿತು. ಅದು ತೆಗೆದ ನಮ್ಮ ಜಿಲ್ಲೆಯ ಚಿತ್ರ ಕೈಗೆ ಬಂದಾಗ, ಹಿರಿಯೂರಿನ ಕಡೆ ಕಂಡ ಕಡುಕೆಂಪು ಮಚ್ಚೆಗಳನ್ನು ‘ಇದು ಕೆಮ್ಮಣ್ಣು’ ಎಂದು ತರಗತಿಗೆ ಧೈರ್ಯವಾಗಿ ಹೇಳಿಬಿಟ್ಟೆ. ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರೆ ತೆಂಗಿನ ತೋಟ! ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಕಳಿಸುತ್ತದೆ. ಆ ಚಿತ್ರಗಳಲ್ಲಿ ಅದಕ್ಕೆ ಕೆಂಪು ಬಣ್ಣ ಕೊಡುವುದು ವಾಡಿಕೆ. ಬೆಳಕಿನ ಪಾಠ ನನಗೆ ಯಾರೂ ಮಾಡಿರಲಿಲ್ಲ. ಎಳನೀರು ಕುಡಿಯುತ್ತಾ ಮಕ್ಕಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನನ್ನಂತಹವರನ್ನು ಕಡಿಮೆ ಮಾಡುವುದೇ ಇಂತಹ ವಿಭಾಗದ ಗುರಿ ಎಂದು ಬರೆದುಕೊಳ್ಳಿ.

ಇನ್ನು ಕೆಲಸದ ಮಾತು. ಇಸ್ರೋಗೆ ಬೇಕಾದವರನ್ನು ತಯಾರು ಮಾಡಲೆಂದೇ 2007ರಲ್ಲಿ ಆ ಸಂಸ್ಥೆ ಆರಂಭವಾಯಿತು. ನಿಮ್ಮ ಮಗಳಿಗೆ ಅಲ್ಲಿರುವ ದಾರಿ ಐದು ವರ್ಷದ ದ್ವಿಪದವಿ: ಎಂಜಿನಿಯರಿಂಗ್ ಫಿಸಿಕ್ಸ್‌ನಲ್ಲಿ ಬಿ.ಟೆಕ್., ಅದರ ಮೇಲೆ ಖಗೋಳ ಭೌತವಿಜ್ಞಾನ ಇಲ್ಲವೇ ಭೂವ್ಯವಸ್ಥಾ ವಿಜ್ಞಾನದಂತಹ ಒಂದು ಸ್ನಾತಕೋತ್ತರ ಪದವಿ. ಅಂಕವೂ ಖಾಲಿ ಹುದ್ದೆಯೂ ಕೂಡಿಬಂದರೆ ಇಸ್ರೋ; ಇಲ್ಲವಾದರೆ ಪಿಎಚ್.ಡಿ., ಹವಾಮಾನ, ನಕ್ಷೆ, ದತ್ತಾಂಶದ ಕೆಲಸಗಳು. ಸೇರಿದವರೆಲ್ಲ ವಿಜ್ಞಾನಿಗಳಾಗುತ್ತಾರೆ ಎಂದು ನಾನು ಆಣೆ ಮಾಡಲಾರೆ. ಇಲ್ಲಿ ಸೇರಲಿ, ಇನ್ನೆಲ್ಲಿಯಾದರೂ ಸೇರಲಿ, ಹಿರಿಯ ವಿದ್ಯಾರ್ಥಿಗಳನ್ನು ಹುಡುಕಿ ಕೇಳಲು ಹೇಳಿ: ವರ್ಷಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯಕ್ಕೆ ಒಯ್ಯುತ್ತಾರೆ? ಉಪಕರಣ ಮುಟ್ಟಲು ವಿದ್ಯಾರ್ಥಿಗಳಿಗೆ ಬಿಡುತ್ತಾರೋ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೋ? ಲೆಕ್ಕ ತಪ್ಪಾದಾಗ ಮೇಷ್ಟ್ರು ಏನು ಮಾಡುತ್ತಾರೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ಖಗೋಳ ವಿಜ್ಞಾನಿ ಆಗಬೇಕು. ಅಪ್ಪನ ಹತ್ತಿರ ದೂರದರ್ಶಕ ಕೇಳಿದರೆ ಮೊದಲು ಗಣಿತ ಓದು ಎನ್ನುತ್ತಾರೆ.
– ವಿದ್ಯಾರ್ಥಿ, ಶಿರಸಿ

ಉತ್ತರ: ಅಪ್ಪ ಹೇಳಿದ್ದೇ ಸರಿ ತಮ್ಮಾ, ಬೇಜಾರಾಗಬೇಡ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ‘ಹಿಮಾಲಯನ್ ಚಂದ್ರ’ ದೂರದರ್ಶಕವಿದೆ (ಈ ಚಂದ್ರ ಆಕಾಶದ್ದಲ್ಲ, ವಿಜ್ಞಾನಿ ಎಸ್. ಚಂದ್ರಶೇಖರ್). ಅದನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲಿ ಕಣ್ಣು ಕಿರಿದು ಮಾಡಿ ನೋಡುವವರು ಯಾರೂ ಇಲ್ಲ; ಅಂಕಿಗಳು ಬರುತ್ತವೆ, ಬೆಳಗಿನವರೆಗೆ ಅವುಗಳ ಜೊತೆ ಗುದ್ದಾಟ. ಸದ್ಯಕ್ಕೆ ಯಾರದಾದರೂ ಬೈನಾಕ್ಯುಲರ್ ಕಡ ತೆಗೆದುಕೊಂಡು ಗುರುವಿನ ನಾಲ್ಕು ಚಂದ್ರರನ್ನು ಒಂದು ವಾರ ಬಿಡದೆ ನೋಡಿ, ಪ್ರತಿ ರಾತ್ರಿ ಅವು ಎಲ್ಲಿದ್ದವು ಎಂದು ಪುಸ್ತಕದಲ್ಲಿ ಚುಕ್ಕಿ ಇಡು. ಶಿರಸಿಯಲ್ಲಿ ಮಳೆಗಾಲ ಬಿಟ್ಟು ಮಾಡಬೇಕು, ಅದೊಂದೇ ಕಷ್ಟ.

ಪ್ರಶ್ನೆ: ಬಾಹ್ಯಾಕಾಶ ವಿಭಾಗದಲ್ಲಿ ಪಂಚಾಂಗವನ್ನೂ ಹೇಳಿಕೊಡುತ್ತಾರೆಯೇ?
– ಓದುಗರು, ಮೇಲುಕೋಟೆ

ಉತ್ತರ: ಗ್ರಹಣ ಎಷ್ಟು ಗಂಟೆಗೆ ಎಂಬುದಕ್ಕೆ ಬೇಕಾದ ಗಣಿತ ಸಿಗುತ್ತದೆ. ಅದರ ಫಲ ಯಾವ ರಾಶಿಗೆ ಎಂಬುದು ಪಠ್ಯದಲ್ಲಿಲ್ಲ.

ಪ್ರಶ್ನೆ: ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂತಹ ಕುಳಿಗಳನ್ನು ತೋಡಿ ಪರೀಕ್ಷೆ ಮಾಡಿದ್ದನ್ನು ನೋಡಿದ್ದೇನೆ. ಚಂದ್ರನಲ್ಲಿ ನೀರಿದೆ ಎಂದು ಕಂಡುಹಿಡಿದವರಿಗೆ ನನ್ನ ಹೊಲದಲ್ಲಿ ಪಾಯಿಂಟ್ ತೋರಿಸಲು ಆಗುವುದಿಲ್ಲವೇ? ಮೂರು ಕೊಳವೆಬಾವಿ ಕೊರೆಸಿದೆ. ಮೂರೂ ಒಣ.
– ರೈತ, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ವ್ಯಂಗ್ಯ ನ್ಯಾಯವಾದದ್ದು. ಆದರೆ ಚಂದ್ರಯಾನ-1ರಲ್ಲಿದ್ದ ಉಪಕರಣ ಕಂಡದ್ದು ಚಂದ್ರನ ಮೇಲ್ಮಣ್ಣಿಗೆ ಅಂಟಿದ ಅತ್ಯಲ್ಪ ನೀರಿನ ಗುರುತನ್ನು, ಅದೂ ಅಲ್ಲಿಂದ ಮರಳುವ ಬಿಸಿಲಿನಲ್ಲಿ. ನಿಮ್ಮ ನೀರು ನೂರಾರು ಅಡಿ ಕೆಳಗೆ, ಗಟ್ಟಿ ಶಿಲೆಯ ಬಿರುಕುಗಳಲ್ಲಿ. ಅಷ್ಟು ಆಳವನ್ನು ಉಪಗ್ರಹ ಕಾಣುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರಿಗೂ ಕಾಣುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಬಿರುಕುಗಳ ಗೆರೆಗಳನ್ನು ಗುರುತಿಸಬಹುದು: ನೇರವಾಗಿ ಸಾಗುವ ಹಳ್ಳ, ಬೇಸಿಗೆಯಲ್ಲೂ ಹಸಿರಾಗಿರುವ ಮರಗಳ ಸಾಲು. ಎರಡು ಗೆರೆಗಳು ಕೂಡುವಲ್ಲಿ ನೆಲಕ್ಕೆ ಸಲಾಕೆ ಹೊಡೆದು, ವಿದ್ಯುತ್ ಹರಿಸಿ, ಶಿಲೆ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಇದನ್ನು ಕಲಿಸುವುದೂ ಇಂತಹ ವಿಭಾಗಗಳ ಕೆಲಸವೇ. ಹಾಗೆ ಮಾಡಿದರೂ ಬಾವಿ ಒಣಗಿರಬಹುದು. ನೀರು ಖಂಡಿತ ಎನ್ನುವವರಿಗೆ ಮುಂಗಡ ಕೊಡಬೇಡಿ.

ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಹ ಲಾವಾ ಶಿಲೆ ಇದೆ. ಕಾದ ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಮಾತ್ರ ಆ ಆಕಾರ ಬರುತ್ತದೆ. ಅಂದರೆ ನಮ್ಮ ಬರದ ಸೀಮೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲಿನಡಿ ಇತ್ತು. ಇದನ್ನು ಹೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತು.

ನಾಲ್ಕನೆಯದನ್ನು ಕೊರೆಸುವ ಮೊದಲು ಜಿಲ್ಲಾ ಅಂತರ್ಜಲ ಕಚೇರಿಗೆ ಹೋಗಿ. ಮೂರು ಒಣ ಬಾವಿಗಳ ಜಾಗ, ಆಳ, ಎಷ್ಟು ಅಡಿಯಲ್ಲಿ ಎಂತಹ ಪುಡಿ ಬಂತು ಎಂಬುದನ್ನು ಬರೆದುಕೊಂಡು ಹೋಗಿ. ಊರಿನ ಹಳೆಯ ಸೇದುವ ಬಾವಿಗಳಲ್ಲಿ ಯಾವುದು ಕೊನೆಗೆ ಬತ್ತಿತು ಎಂದು ಮನೆಯ ಹಿರಿಯರನ್ನು ಕೇಳಿ, ಅದನ್ನೂ ಸೇರಿಸಿಕೊಳ್ಳಿ.