ಮಾಲು ಯಾವ ನೆಲದ್ದು ಅಂತ ಕೇಳಲೇಬೇಕು

ಹೊಸನಗರ ತಾಲ್ಲೂಕಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಸೋಯಾ ಮತ್ತು ಅಮೆಜಾನ್ ಕಾಡಿನ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಕೇಳಿದ್ದೀರಿ: 'ನಮ್ಮಲ್ಲಿ ಸೋಯಾ ಬೆಳೆಯೋದೇ ಇಲ್ಲ. ಬ್ರೆಜಿಲ್ ಕಾಡಿಗೂ ನನ್ನ ಕೊಟ್ಟಿಗೆಗೂ ಏನು ಸಂಬಂಧ? ಅಡಿಕೆ ಮಧ್ಯೆ ನಾಲ್ಕು ಕಾಫಿ ಗಿಡ ಹಾಕಿದ್ದೇನೆ, ಈಗ ಅದಕ್ಕೂ ನಕ್ಷೆ ಬೇಕಂತೆ. ಕಾಡು ಕಡಿಯೋರು ದೊಡ್ಡವರು, ದಾಖಲೆ ಕೇಳೋದು ಮಾತ್ರ ಎರಡೆಕರೆಯವನ ಹತ್ರ.' ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಕೊಟ್ಟಿಗೆಯ ಮಟ್ಟಿಗೆ ನೀವು ಹೇಳಿದ್ದು ಸರಿ. ನಮ್ಮ ಪಶು ಆಹಾರ, ಕೋಳಿ ಫೀಡಿನಲ್ಲಿರುವ ಸೋಯಾ ಹಿಂಡಿ ಬಹುಪಾಲು ನಮ್ಮ ದೇಶದ್ದೇ. ಮಧ್ಯಪ್ರದೇಶ, ಮಹಾರಾಷ್ಟ್ರದ್ದು ಜಾಸ್ತಿ, ಬೀದರ್, ಬೆಳಗಾವಿ ಕಡೆಯದೂ ಸ್ವಲ್ಪ. ಆದರೆ ಅಡುಗೆ ಮನೆಯ ಸೋಯಾ ಎಣ್ಣೆ ಹಾಗಲ್ಲ. ಹೊರಗಿನಿಂದ ನಮಗೆ ಬರುವ ಸೋಯಾ ಎಣ್ಣೆಯಲ್ಲಿ ಅರ್ಜೆಂಟೀನಾ, ಬ್ರೆಜಿಲ್‌ಗಳ ಪಾಲೇ ದೊಡ್ಡದು. ಅದು ಯಾವ ಹೊಲದ್ದು ಅಂತ ಪ್ಯಾಕೆಟ್ಟು ಹೇಳುವುದಿಲ್ಲ.

ಅಮೆಜಾನ್‌ನಲ್ಲಿ ಕಾಡು ಹೋಗುವ ರೀತಿ ನೋಡಿ. ಮೊದಲು ಮರ ಬೀಳುತ್ತದೆ, ಆಮೇಲೆ ಬೆಂಕಿ. ಹುಲ್ಲು ಬಿತ್ತಿ ದನ ಬಿಡುತ್ತಾರೆ. ಕೆಲವು ವರ್ಷಕ್ಕೆ ಅದೇ ನೆಲ ಸೋಯಾ ಹೊಲ. ಕೇಳಿದರೆ 'ನಾನು ಕಾಡು ಕಡಿದಿಲ್ಲ, ಹುಲ್ಲುಗಾವಲು ಕೊಂಡೆ' ಅಂದುಬಿಡಬಹುದು. ಆ ಮಾತಿಗೆ ಜಾಗ ಕೊಡದೆ ಇದ್ದದ್ದು ಒಂದು ದಿನಾಂಕ. 2006ರಲ್ಲಿ ದೊಡ್ಡ ಸೋಯಾ ವ್ಯಾಪಾರಿಗಳು ಒಪ್ಪಂದಕ್ಕೆ ಬಂದರು: ಇನ್ನು ಮುಂದೆ ಕಡಿದ ಕಾಡಿನ ಸೋಯಾ ನಾವು ಕೊಳ್ಳುವುದಿಲ್ಲ. ಆ ಗಡುವು ಆಮೇಲೆ 2008ಕ್ಕೆ ಸರಿಯಿತು. ಉಪಗ್ರಹದ ಚಿತ್ರ ಇಟ್ಟುಕೊಂಡು ಹೊಲ ಹೊಲ ತಾಳೆ ನೋಡಿದರು. ಒಪ್ಪಂದಕ್ಕೆ ಮುಂಚಿನ ಎರಡು ವರ್ಷ ಅಲ್ಲಿ ಹೊಸದಾಗಿ ಆದ ಸೋಯಾ ಹೊಲದಲ್ಲಿ ಸುಮಾರು ಶೇ 30ರಷ್ಟು ಆಗಷ್ಟೇ ಕಡಿದ ಕಾಡಿನ ನೆಲ. 2014ರ ಹೊತ್ತಿಗೆ ಅದು ಶೇ 1ರ ಆಸುಪಾಸಿಗೆ ಇಳಿಯಿತು. ಸೋಯಾ ಬೆಳೆಯುವುದೇನೂ ನಿಲ್ಲಲಿಲ್ಲ, ಹಳೇ ಹುಲ್ಲುಗಾವಲಿಗೆ ಹೋಯಿತು.

ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಪಕ್ಕದ ಸೆರಾಡೊ ಬಯಲು ಆ ಒಪ್ಪಂದದ ಹೊರಗೇ ಉಳಿಯಿತು, ಅಲ್ಲಿ ಮರ ಬೀಳುತ್ತಲೇ ಇದೆ. ಒಪ್ಪಂದ ಪಾಲಿಸುವ ಕಂಪನಿಗಳ ತೆರಿಗೆ ರಿಯಾಯಿತಿ ಕಿತ್ತುಕೊಳ್ಳಲು ಬ್ರೆಜಿಲ್‌ನ ಮಾಟೊ ಗ್ರೊಸೊ ರಾಜ್ಯ 2024ರಲ್ಲಿ ಕಾನೂನನ್ನೇ ಮಾಡಿತು.

ಈಗ ನಮ್ಮ ಶುಂಠಿಗೆ ಬನ್ನಿ. ಒಮ್ಮೆ ಶುಂಠಿ ಹಾಕಿದ ಮಣ್ಣಿನಲ್ಲಿ ಕೊಳೆ ರೋಗ ಉಳಿದುಬಿಡುತ್ತದೆ. ಮುಂದಿನ ವರ್ಷ ಹೊಸ ನೆಲವೇ ಬೇಕು. ಗದ್ದೆ ಗುತ್ತಿಗೆಗೆ ಸಿಗದಿದ್ದರೆ ಕಣ್ಣು ಹೋಗುವುದು ಕಾನಿನ, ಅಂದರೆ ಮಲೆನಾಡಿನ ದಟ್ಟ ಕಾಡಿನ, ಅಂಚಿಗೆ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಸೊರಬದ ಕಡೆ ಅಂಥ ಒಂದು ಅಂಚಿನಲ್ಲಿ ನಾನು ನಿಂತಿದ್ದೆ. ಜೆಸಿಬಿ ಚಕ್ರದ ಗುರುತು ಇನ್ನೂ ಹಸಿ. ಕಡಿದ ಬುಡದಿಂದ ರಸ ಒಸರುತ್ತಿತ್ತು. ಏರುಮಡಿಗಳ ಮೇಲೆ ಹೊದಿಸಿದ್ದ ಸೊಪ್ಪು ಅದೇ ಮರಗಳದ್ದು, ಇನ್ನೂ ಬಾಡಿರಲಿಲ್ಲ. ಆ ಶುಂಠಿ ಕಿತ್ತು, ತೊಳೆದು, ಚೀಲಕ್ಕೆ ತುಂಬಿ ಲಾರಿಗೆ ಹೇರಿದ ಮೇಲೆ ಗದ್ದೆಯದು ಯಾವುದು, ಕಾನಿನದು ಯಾವುದು? ಗೊತ್ತಾಗುವುದೇ ಇಲ್ಲ. ಪಹಣಿ ಇರುವ ಗದ್ದೆಯಲ್ಲಿ ನ್ಯಾಯವಾಗಿ ಬೆಳೆದವರಿಗೂ ಅದೇ ರೇಟು. ಸೋಯಾದ ಕಥೆಯೂ ಇದೇ ಅಲ್ವಾ?

ಗಡುವಿನ ದಿನಾಂಕ ನಮಗೇನು ಹೊಸದಲ್ಲ. 27-4-1978ಕ್ಕಿಂತ ಮುಂಚಿನ ಅರಣ್ಯ ಒತ್ತುವರಿಯೋ ನಂತರದ್ದೋ ಅಂತ ನಮ್ಮ ಎಷ್ಟು ಮನೆಗಳಲ್ಲಿ ಅರ್ಜಿ ಹಿಡಿದು ಅಲೆದಿದ್ದಾರೆ! ಆದರೆ ಅದನ್ನು ಕೇಳಿದ್ದು ಕಚೇರಿ. ಕೊಳ್ಳುವವನು ಯಾವತ್ತೂ ಕೇಳಲಿಲ್ಲ. ಕೊಳ್ಳುವವನು ಕೇಳಿದ ದಿನ ಕಾನು ಕಡಿದ ಶುಂಠಿಗೆ ಬೆಲೆ ಬೀಳುತ್ತದೆ ಅಂತ ನಾನು ನಂಬಿದ್ದೇನೆ.

ನಿಮ್ಮ ಕಾಫಿಯ ನಕ್ಷೆ ಬಂದದ್ದು ಇಲ್ಲಿಂದಲೇ. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ಸೋಯಾ, ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ದನದ ಮಾಂಸ, ಮರ ಇವಿಷ್ಟಕ್ಕೂ ಅನ್ವಯಿಸುತ್ತದೆ. 31-12-2020ರ ನಂತರ ಕಾಡು ಕಡಿದ ನೆಲದ ಮಾಲು ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ನೆರಳಿನ ಮರದ ಕೆಳಗಿನ ಕಾಫಿಯನ್ನು ಅವರು ತೋಟ ಅಂತಲೇ ಲೆಕ್ಕ ಹಿಡಿಯುತ್ತಾರೆ, ಮರ ಇದೆ ಅಂತ ಹೆದರಬೇಕಿಲ್ಲ. 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಮೀರಿದರೆ ಮಾತ್ರ ಸುತ್ತಲಿನ ಗಡಿ ಗುರುತು ಬೇಕು. ಅದಕ್ಕಿಂತ ಸಣ್ಣ ತೋಟಕ್ಕೆ ಒಂದೇ ಒಂದು ಬಿಂದು (ಅಕ್ಷಾಂಶ, ರೇಖಾಂಶ) ಸಾಕು.

ನಿಮ್ಮ ಸಿಟ್ಟಿನ ಜೊತೆ ನಾನು ನಿಲ್ಲುವುದು ಇಲ್ಲಿ. ಆ ನೆಲದ ಹಕ್ಕು ನೆಟ್ಟಗಿದೆ ಅಂತಲೂ ಆ ಕಾನೂನು ಕೇಳುತ್ತದೆ. ಸಾಗುವಳಿ ಮಾಡುತ್ತಿರುವ ಸರ್ಕಾರಿ ನೆಲದ ಸಕ್ರಮಕ್ಕೆ ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಏನು ತೋರಿಸಬೇಕು? ಅರ್ಜಿ ಇತ್ಯರ್ಥ ಮಾಡದ ತಪ್ಪಿಗೆ ಅವರು ಬೆಲೆ ಕಳೆದುಕೊಳ್ಳಬಾರದು. ಗುರುತು ಮಾಡುವ ಖರ್ಚು ಕೊಳ್ಳುವವರದ್ದಾಗಬೇಕು, ಬೆಳೆದವರದ್ದಲ್ಲ.

ನಿಮ್ಮದು ಎರಡೇ ಎಕರೆ. ಮೊಬೈಲ್ ಹಿಡಿದು ತೋಟದ ಮಧ್ಯೆ ನಿಂತರೆ ಆ ಬಿಂದು ಸಿಗುತ್ತದೆ. ಪಹಣಿಯ ಪ್ರತಿಯ ಹಿಂದೆ ಬರೆದಿಟ್ಟುಕೊಳ್ಳಿ. ಇಷ್ಟು ಕೆಲಸಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ, ನಮಗೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ