ಹೊಲಿಗೆ ಪೆಟ್ಟಿಗೆ: ಹಳೇ ಕಾಲದ ಲಂಗ, ಒಳಲಂಗ, ಬಾಡಿ

ಹೋದ ತಿಂಗಳು ಅಮ್ಮನ ಟ್ರಂಕಿನಲ್ಲಿ ಸಿಕ್ಕ ಆರು ಪೀಸಿನ ಒಳಲಂಗದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಒಳಗೆ ಹಾಕುವ ಬಟ್ಟೆಯ ಬಗ್ಗೆಯೇ. "ಕೇಳೋಕೆ ಸಂಕೋಚ" ಅಂತ ಶುರು ಮಾಡಿದವರೂ ಇದ್ದಾರೆ. ಸಂಕೋಚ ಬೇಡ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೈಗೆ ತಾಗಿಕೊಂಡೇ ಇರುವ ಬಟ್ಟೆ ಅದು. ಅದರ ಬಗ್ಗೆ ಕೇಳದೆ ಇನ್ನೇನು ಕೇಳುತ್ತೀರಿ?

ಅಕ್ಕಾ, ಅಂಗಡಿಯ ಒಳಲಂಗ ನಡೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತೆ. ಲಾಡಿ ಕಟ್ಟುವ ಕಡೆ ಸೊಂಟದ ಸುತ್ತ ಕಪ್ಪಾಗಿದೆ, ತುರಿಕೆ ಬೇರೆ. ಅಜ್ಜಿ ಕಾಲದ ಅಗಲದ ಒಳಲಂಗ ಮನೆಯಲ್ಲೇ ಹೊಲಿಯಬಹುದಾ? ಸೊಂಟ 34 ಇಂಚು, ಉದ್ದ 38.
— ಹೆಸರು ಬೇಡ, ತಿಪಟೂರು

ಮೊದಲು ಆ ಕಪ್ಪಿನ ಮಾತು. ಸೀರೆ ಜಾರಬಾರದು ಅಂತ ಲಾಡಿಯನ್ನು ಬಿಗಿದು ಕಟ್ಟುತ್ತೇವೆ. ಕಾಲಿಂಚು ಅಗಲದ ಆ ಹಗ್ಗದ ಮೇಲೆ ಇಡೀ ಸೀರೆಯ ಭಾರ. ಬೆವರು, ಉಜ್ಜಾಟ, ದಿನಾ ಅದೇ ಜಾಗ. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವಯಸ್ಸಾದ ಇಬ್ಬರು ಹೆಂಗಸರ ಬಗ್ಗೆ ಬರೆದಿದ್ದರು. ವರ್ಷಗಟ್ಟಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಜಾಗದಲ್ಲಿ ಅವರಿಗೆ ಹುಣ್ಣಾಗಿತ್ತು. ಅದು ವಾಸಿಯಾಗಲಿಲ್ಲ, ಕೊನೆಗೆ ಚರ್ಮದ ಕ್ಯಾನ್ಸರ್ ಅಂತ ಗೊತ್ತಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಇದು ಅಪರೂಪ. ಆದರೆ ಅಲ್ಲಿ ಗಾಯವಾಗಿ ಒಣಗದೇ ಇದ್ದರೆ ಎಣ್ಣೆ ಹಚ್ಚಿ ಸುಮ್ನೆ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಮನೆಯಲ್ಲಿರುವಾಗ ಲಾಡಿ ಸಡಿಲ ಬಿಡಿ.

ಈಗ ಹೊಲಿಗೆ. ಲಾಡಿಯೇ ಬೇಡ. ಎರಡಿಂಚು ಅಗಲದ ಸೊಂಟಪಟ್ಟಿ ಇಡೋಣ. ಭಾರ ಪಟ್ಟಿಯಷ್ಟಗಲ ಹಂಚಿಹೋಗುತ್ತದೆ.

36 ಇಂಚು ಪನ್ನದ (ಬಟ್ಟೆಯ ಅಗಲ) ಕಾಟನ್ ಪಾಪ್ಲಿನ್ ಎರಡೂವರೆ ಮೀಟರ್ ತನ್ನಿ. ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ಇದನ್ನು ಬಿಡಬೇಡಿ. ನಾನು ಹೊಲಿಗೆ ಕಲಿತ ಹೊಸತರಲ್ಲಿ ಪಕ್ಕದ ಮನೆಯ ದೊಡ್ಡಮ್ಮನಿಗೆ ನೆನೆಸದ ಬಟ್ಟೆಯಲ್ಲೇ ಹೊಲಿದುಕೊಟ್ಟೆ. ಒಂದು ಒಗೆತಕ್ಕೆ ಉದ್ದ ಎರಡಿಂಚು ಹೋಯಿತು. ಅವರು ಏನೂ ಅನ್ನಲಿಲ್ಲ, ಕೆಳಗೆ ಬೇರೆ ಬಟ್ಟೆ ಸೇರಿಸಿಕೊಂಡು ಹಾಕಿಕೊಂಡರು. ಆ ಜೋಡಿಸಿದ ಪಟ್ಟಿ ಕಂಡಾಗಲೆಲ್ಲ ನನಗೆ ಹೊಟ್ಟೆಯೊಳಗೆ ಚುರುಕ್ ಅನ್ನುತ್ತಿತ್ತು.

ಸೊಂಟದ ಅಳತೆಯನ್ನು ಕೂತುಕೊಂಡು ತೆಗೆಯಿರಿ. ನಿಂತಾಗ 34 ಇದ್ದದ್ದು ಕೂತಾಗ 36 ಆಗಬಹುದು. ಕೂತಾಗಲೂ 34 ಅಂತಲೇ ಇಟ್ಟುಕೊಂಡು ಹೇಳುತ್ತೇನೆ.

ಬಟ್ಟೆಯಲ್ಲಿ ಮೂವತ್ತೇಳೂವರೆ ಇಂಚಿನ ಎರಡು ತುಂಡು ಕತ್ತರಿಸಿ. ಒಂದೊಂದು ತುಂಡಿನಲ್ಲಿ ಎರಡು ಪೂರ್ತಿ ಪೀಸು, ಎರಡು ಅರ್ಧ ಪೀಸು ಬರುತ್ತವೆ. ಪೂರ್ತಿ ಪೀಸು ಮೇಲೆ 7 ಇಂಚು, ಕೆಳಗೆ 17. ಅರ್ಧ ಪೀಸು ಮೇಲೆ ಮೂರೂವರೆ, ಕೆಳಗೆ ಎಂಟೂವರೆ. ಗುಟ್ಟು ಇರುವುದು ಜೋಡಿಸುವುದರಲ್ಲಿ. ಎಡಗಡೆ ಅಂಚಿಗೆ ಒಂದು ಅರ್ಧ ಪೀಸು ನೆಟ್ಟಗೆ, ಪಕ್ಕದಲ್ಲಿ ಪೂರ್ತಿ ಪೀಸು ತಲೆಕೆಳಗು, ಅದರ ಪಕ್ಕ ಪೂರ್ತಿ ಪೀಸು ನೆಟ್ಟಗೆ, ಬಲಗಡೆ ಅಂಚಿಗೆ ಅರ್ಧ ಪೀಸು ತಲೆಕೆಳಗು. ಮೇಲಿನ ಸಾಲು ಕೂಡಿಸಿ ನೋಡಿ: ಮೂರೂವರೆ, ಹದಿನೇಳು, ಏಳು, ಎಂಟೂವರೆ. ಸರಿಯಾಗಿ 36! ಕೆಳಗೂ ಅಷ್ಟೇ. ಚೂರು ಬಟ್ಟೆ ಬಿಸಾಡುವ ಹಾಗಿಲ್ಲ. ಬಟ್ಟೆಗೆ ಬರ ಇದ್ದ ಕಾಲದ ಹೆಂಗಸರ ಲೆಕ್ಕ ಇದು. ನನಗಂತೂ ಇದನ್ನು ಪ್ರತಿ ಸಲ ಚಾಕ್‌ನಲ್ಲಿ ಬರೆಯುವಾಗಲೂ ಖುಷಿಯಾಗುತ್ತದೆ. ನೆನೆಸಿದ ಮೇಲೆ ಪನ್ನ ಸ್ವಲ್ಪ ಕಡಿಮೆಯಾಗಿದ್ದರೆ ಕೆಳಗಿನ ಅಗಲದಲ್ಲಿ ಕಳೆಯಿರಿ, ಮೇಲಿನದನ್ನು ಮುಟ್ಟಬೇಡಿ.

ಎರಡೆರಡು ಅರ್ಧ ಪೀಸನ್ನು ನೇರ ಅಂಚಿನಲ್ಲಿ ಸೇರಿಸಿದರೆ ಒಂದು ಪೂರ್ತಿ ಪೀಸು. ಒಂದನ್ನು ಮಗುಚಿ ಹಾಕಬೇಕಾಗುತ್ತದೆ, ಪಾಪ್ಲಿನ್ ಎರಡೂ ಕಡೆ ಒಂದೇ ಥರ ಇರುವುದರಿಂದ ತೊಂದರೆಯಿಲ್ಲ. ಒಟ್ಟು ಆರು ಪೀಸಾಯಿತು. ಎಂಟು ಹೊಲಿಗೆಗೂ ಎರಡೂ ಅಂಚಿನಿಂದ ಅರ್ಧರ್ಧ ಇಂಚು ಹೋದ ಮೇಲೆ ಸೊಂಟ 34, ಕೆಳಗಿನ ಘೇರು 94. ಈಗ ಬಸ್ ಹತ್ತಿ ನೋಡಿ!

ಪೀಸುಗಳನ್ನು ಸೇರಿಸುವಾಗ ಎರಡು ಸಲ ಹೊಲಿಯಿರಿ. ಮೊದಲ ಹೊಲಿಗೆ ಹೊರಬದಿಗೆ, ಅಂಚಿನಿಂದ ಕಾಲಿಂಚು ಒಳಗೆ. ಎಳೆಗಳನ್ನು ಕತ್ತರಿಯಿಂದ ಸವರಿ, ಬಟ್ಟೆ ತಿರುಗಿಸಿ, ಒಳಬದಿಯಿಂದ ಮತ್ತೆ ಕಾಲಿಂಚಿಗೆ ಹೊಲಿಯಿರಿ. ಎಳೆಬಿಟ್ಟ ಅಂಚು ಒಳಗೇ ಮುಚ್ಚಿಹೋಗುತ್ತದೆ. ಅಮ್ಮನ ಒಳಲಂಗವನ್ನು ಉಲ್ಟಾ ಮಾಡಿ ನೋಡಿದಾಗ ನನಗೆ ಕಂಡದ್ದು ಇದೇ. ಒಳಗಡೆ ಒಂದು ಎಳೆಯೂ ಹೊರಗೆ ಇಣುಕಿಲ್ಲ. ಬಣ್ಣ ಮಾಸಿ ಬೂದಿಯಾಗಿದೆ, ಹೊಲಿಗೆ ಮಾತ್ರ ಅಲ್ಲಾಡಿಲ್ಲ.

ಪಟ್ಟಿಗೆ 5 ಇಂಚು ಅಗಲದ ಎರಡು ತುಂಡು ಸೇರಿಸಿ ಮಡಚಿ. ಸೊಂಟಕ್ಕಿಂತ ಮೂರಿಂಚು ಉದ್ದ ಇರಲಿ. ಎಡಪಕ್ಕದಲ್ಲಿ ಏಳಿಂಚು ತೆರೆದಿಡಿ. ಪ್ಯಾಂಟಿನ ಚಪ್ಪಟೆ ಹುಕ್ಕು ಹಾಕಿ, ಅದರ ಕೊಂಡಿಯನ್ನು ಒಂದೊಂದು ಇಂಚಿಗೆ ಒಂದರಂತೆ ಮೂರು ಕಡೆ ಕೂರಿಸಿ. ಊಟಕ್ಕೆ ಮುಂಚೆ ಒಂದು, ಊಟ ಆದ ಮೇಲೆ ಇನ್ನೊಂದು!

ಅಮ್ಮನ ಇಳಕಲ್ ಸೀರಿ ಒಂದು ಐತಿ. ಆರು ವರ್ಷದ ಮೊಮ್ಮಗಳಿಗೆ ಪರಕಾರ ಹೊಲಸಬೇಕು ಅಂತ ಆಸೆ. ಟೇಲರ್ ಒಬ್ಬರು "ಕಟ್ ಮಾಡಿದ್ರ ಮುಂದಿನ ವರ್ಷ ಗಿಡ್ಡ ಆಕ್ಕೈತಿ" ಅಂದ್ರು. ಏನ್ ಮಾಡ್ಲಿ?
— ಅಜ್ಜಿ, ಧಾರವಾಡ

ಟಕ್ ಹಾಕಿ, ಅಜ್ಜಿ. ಮೊದಲೆಲ್ಲ ಬೆಳೆಯುವ ಹುಡುಗಿಯ ಲಂಗ ಅಂದರೆ ಕೆಳಗೆ ಎರಡು ಮೂರು ಅಡ್ಡ ಮಡಿಕೆ ಇದ್ದೇ ಇರುತ್ತಿದ್ದವು. ನೋಡುವವರಿಗೆ ಅಲಂಕಾರ, ಅಮ್ಮನಿಗೆ ಮುಂದಿನ ಮೂರು ವರ್ಷದ ಉಳಿತಾಯ.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಮಡಿಕೆ ಬಿದ್ದ ಗೆರೆಗಳಲ್ಲಿ ಬೆಳಕು ಜಾಸ್ತಿ ತೂರಿ ಬಂದರೆ ಅಲ್ಲಿ ಎಳೆ ಸೋತಿದೆ ಅಂತ ಅರ್ಥ. ಎರಡು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಗಟ್ಟಿಯಿದ್ದ ಕಡೆಯಿಂದಲೇ ಮೂರು ಮೀಟರ್ ತೆಗೆದುಕೊಳ್ಳಿ. ಇಳಕಲ್‌ನಲ್ಲಿ ಒಡಲಿನ ಎಳೆ, ಸೆರಗಿನ ಎಳೆ ಬೇರೆ ಬೇರೆ. ಮಗ್ಗದ ಮೇಲೆ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೂಡುವ ಜಾಗವನ್ನು ನೆರಿಗೆಯಲ್ಲಿ ಸೇರಿಸಬೇಡಿ. ಸೆರಗನ್ನು ಕತ್ತರಿಸಲೇಬೇಡಿ, ಹಾಗೇ ಎತ್ತಿಡಿ. ಅದನ್ನು ಆ ಹುಡುಗಿ ದೊಡ್ಡವಳಾದ ಮೇಲೆ ತಾನೇ ಏನು ಮಾಡಬೇಕೋ ಮಾಡಿಕೊಳ್ಳಲಿ.

ಮಗುವಿನ ಸೊಂಟದಿಂದ ಪಾದದವರೆಗೆ 25 ಇಂಚು ಅಂತ ಇಟ್ಟುಕೊಳ್ಳಿ. ಒಂದಿಂಚಿನ ಟಕ್ ಎರಡಿಂಚು ಉದ್ದ ನುಂಗುತ್ತದೆ. ಮೂರು ಟಕ್ಕಿಗೆ ಆರು. ಮೇಲಿನ ಹೊಲಿಗೆಗೆ ಒಂದು. ಸೀರೆಯ ಕೆಳಗಿನ ದಡಿಯಿಂದ ಮೇಲಕ್ಕೆ 32 ಇಂಚು ಅಳೆದು ಕತ್ತರಿಸಿ. ದಡಿಯೇ ಪರಕಾರದ ಕೆಳ ಅಂಚಾಗುತ್ತದೆ, ಮಡಚಿ ಹೊಲಿಯುವ ಕೆಲಸವಿಲ್ಲ. ಟಕ್ಕುಗಳನ್ನು ಮೆಷಿನ್‌ನಲ್ಲಿ ಹೊಲಿಗೆ ಉದ್ದ ಮಾಡಿಕೊಂಡು ಹಾಕಿ. ಬಿಚ್ಚುವ ದಿನ ಬಂದಾಗ ಒಂದು ಎಳೆ ಹಿಡಿದು ಎಳೆದರೆ ಸರ್ರನೆ ಬರಬೇಕು. ಬಿಚ್ಚಿದ ಜಾಗದಲ್ಲಿ ಬಣ್ಣದ ಗೆರೆ ಕಾಣುತ್ತದೆ, ಅದರ ಮೇಲೆ ಒಂದು ಸಾಲು ಕಸೂತಿ ಹಾಕಿಬಿಡಿ. ಧಾರವಾಡದವರಿಗೆ ಕಸೂತಿ ನಾನು ಹೇಳಿಕೊಡಬೇಕಾ?

ಇನ್ನೊಂದು ಮಾತು. ಈ ವಯಸ್ಸಿನ ಮಕ್ಕಳಿಗೆ ಸೊಂಟದಲ್ಲಿ ಲಂಗ ನಿಲ್ಲುವುದಿಲ್ಲ. ಅದಕ್ಕೆ ಬಿಗಿಯಾಗಿ ಕಟ್ಟುತ್ತಾರೆ, ಪಾಪ, ಮಗು ಊಟ ಮಾಡಲಾರದೆ ಒದ್ದಾಡುತ್ತದೆ. ಮಲ್‌ಮಲ್ ಬಟ್ಟೆಯಲ್ಲಿ ತೋಳಿಲ್ಲದ ಒಂದು ಬಾಡಿ ಹೊಲಿದು ಪರಕಾರವನ್ನು ಅದಕ್ಕೆ ಸೇರಿಸಿ. ಭಾರ ಹೆಗಲ ಮೇಲೆ ನಿಲ್ಲುತ್ತದೆ. ಮೇಲೆ ಪೋಲಕ ಹಾಕಿದರೆ ಬಾಡಿ ಕಾಣುವುದೂ ಇಲ್ಲ.

ಇಲ್ಲಿ ಸ್ವಿಂಗ್ ಡಾನ್ಸ್ ಕ್ಲಾಸಿಗೆ ಹೋಗುತ್ತೇನೆ. 1950ರ ದಶಕದ ಅಗಲದ ಸ್ಕರ್ಟ್ ಹೊಲಿದುಕೊಳ್ಳಬೇಕು. ನಮ್ಮ ಅಂಬ್ರೆಲ್ಲಾ ಲಂಗವೇ ಅಲ್ವಾ ಅದು? ಸೊಂಟ 28, ಉದ್ದ 26.
— ಓದುಗಿ, ಲೀಡ್ಸ್, ಇಂಗ್ಲೆಂಡ್

ಅದೇ. ಪೂರ್ತಿ ವೃತ್ತದ ಕಟಿಂಗ್. ನೀವಿರುವ ದೇಶದಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೂ ರೇಷನ್ ಇತ್ತು. ಕೂಪನ್ ಕೊಟ್ಟರೆ ಮಾತ್ರ ಬಟ್ಟೆ. ಆ ನಡುವೆಯೇ, 1947ರ ಫೆಬ್ರವರಿಯಲ್ಲಿ, ಫ್ಯಾಷನ್ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ಮೀಟರುಗಟ್ಟಲೆ ಬಟ್ಟೆ ಹಿಡಿಯುವ ಸ್ಕರ್ಟುಗಳನ್ನು ತೋರಿಸಿದರು. ಕೆಲವರಿಗೆ ಸಿಟ್ಟು ಬಂತು, ತುಂಬಾ ಜನರಿಗೆ ಆಸೆಯಾಯಿತು. ವರ್ಷಗಟ್ಟಲೆ ಗಿಡ್ಡ, ಬಿಗಿ ಸ್ಕರ್ಟಿನಲ್ಲೇ ದಿನ ದೂಡಿದವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸೊಂಟವನ್ನು 6.28ರಿಂದ ಭಾಗಿಸಿ. 28ಕ್ಕೆ ಸುಮಾರು ನಾಲ್ಕೂವರೆ ಇಂಚು. ಅದು ಒಳಗಿನ ವೃತ್ತದ ತ್ರಿಜ್ಯ. ಅದಕ್ಕೆ 26 ಸೇರಿಸಿ, ಅಂಚಿಗೆ ಅರ್ಧ. ಒಟ್ಟು 31. ಪೂರ್ತಿ ವೃತ್ತ ಒಂದೇ ತುಂಡಿನಲ್ಲಿ 44 ಇಂಚು ಪನ್ನಕ್ಕೆ ಕೂರುವುದಿಲ್ಲ. ಎರಡು ಅರ್ಧ ವೃತ್ತ ಮಾಡಿ ಎರಡೂ ಪಕ್ಕ ಸೇರಿಸಿ, ಸೇರಿಸುವ ನೇರ ಅಂಚಿಗೆ ಅರ್ಧ ಇಂಚು ಜಾಸ್ತಿ ಬಿಡಿ. ಪಟ್ಟಿಯೂ ಸೇರಿ ಮೂರೂವರೆ ಮೀಟರ್ ಬೇಕು. ಒಳವೃತ್ತವನ್ನು ಕತ್ತರಿಸುವಾಗ ಕಾಲಿಂಚು ಕಡಿಮೆಯೇ ಕತ್ತರಿಸಿ. ಕ್ರಾಸ್ ಬಟ್ಟೆ, ಅಂದರೆ ಎಳೆ ಓರೆಯಾಗಿ ಬಂದ ಕಡೆ, ಕೈಯಲ್ಲಿ ಹಿಡಿದರೆ ಸಾಕು, ಹಿಗ್ಗುತ್ತದೆ.

ಪಟ್ಟಿ ಹಾಕಿದ ಮೇಲೆ ಆತುರ ಮಾಡಬೇಡಿ. ಎರಡು ದಿನ ಹ್ಯಾಂಗರಿಗೆ ನೇತುಹಾಕಿ. ನೇರ ಎಳೆ ಬಂದ ಕಡೆ ಬಟ್ಟೆ ಹಾಗೇ ಇರುತ್ತದೆ, ಕ್ರಾಸ್ ಬಂದ ಕಡೆ ಇಳಿಯುತ್ತದೆ. ಆಮೇಲೆ ಹಾಕಿಕೊಂಡು ನಿಲ್ಲಿ. ಇನ್ನೊಬ್ಬರು ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಗುರುತು ಹಾಕಲಿ. ಆಮೇಲೇ ಅಂಚು ಮಡಚುವುದು, ಅದೂ ಸಣ್ಣಗೆ.

ಒಳಗೆ ಉಬ್ಬಿಗೆ ನೆಟ್ ಬೇಕೇ ಬೇಕು. ಆದರೆ ನೆಟ್ ಚರ್ಮಕ್ಕೆ ಮುಳ್ಳು. ಸೊಂಟದಿಂದ ತೊಡೆಯವರೆಗೆ ಮೆತ್ತನೆ ಕಾಟನ್ ಇಟ್ಟು, ಕೆಳಗೆ ಎರಡು ಸುತ್ತು ನೆಟ್ ಕೂರಿಸಿ. ಕಾಟನ್ ಸುತ್ತಳತೆ 45 ಆದರೆ ಮೊದಲ ಸುತ್ತು 90, ಎರಡನೆಯದು 180 ಇಂಚು. ಸೇರಿಸಿದ ಹೊಲಿಗೆಗಳ ಮೇಲೆಲ್ಲ ಒಳಗಡೆಯಿಂದ ಕ್ರಾಸ್ ಪಟ್ಟಿ ಮುಚ್ಚಿ. ಕುಣಿಯುವಾಗ ನೆಟ್ ಗೀರಿದರೆ ಕುಣಿತ ಯಾರಿಗೆ ಬೇಕು?

ನಮ್ಮ ಅತ್ತೆಗೆ 76 ವರ್ಷ. ಜೀವನಪೂರ್ತಿ ಹೊಲಿಸಿದ ಕಾಟನ್ ಬಾಡಿಯನ್ನೇ ಹಾಕಿದವರು. ಈಗ ಊರಲ್ಲಿ ಯಾರೂ ಹೊಲಿಯುವುದಿಲ್ಲ. ಅಂಗಡಿಯದು ಎಲಾಸ್ಟಿಕ್ ಕೊರೆಯುತ್ತೆ ಅಂತ ಹಾಕುವುದೇ ಬಿಟ್ಟಿದ್ದಾರೆ. ಹೇಳೋಕೂ ಅವರಿಗೆ ನಾಚಿಕೆ.
— ಸೊಸೆ, ಹಾವೇರಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆ ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ನೀವು ಗಮನಿಸಿ ಬರೆದಿದ್ದೀರಿ. ಇದನ್ನು ಖಂಡಿತ ಹೊಲಿಯೋಣ.

ಅವರ ಹತ್ತಿರ ಹಳೆಯ ಬಾಡಿ ಒಂದಾದರೂ ಇದ್ದೇ ಇರುತ್ತದೆ. ಎಷ್ಟೇ ಹರಿದಿರಲಿ, ಕೇಳಿ ಪಡೆಯಿರಿ. ಅದಕ್ಕಿಂತ ಒಳ್ಳೆಯ ಅಳತೆ ಯಾವ ಟೇಪೂ ಕೊಡುವುದಿಲ್ಲ. ಅರ್ಧ ಭಾಗ ಮಾತ್ರ ಬಿಚ್ಚಿ, ಇನ್ನರ್ಧ ಹಾಗೇ ಇರಲಿ. ಯಾವುದು ಯಾವುದಕ್ಕೆ ಸೇರುತ್ತದೆ ಅಂತ ನೋಡಿಕೊಳ್ಳಲು ಬೇಕಾಗುತ್ತದೆ. ಬಿಚ್ಚಿದ ತುಂಡುಗಳನ್ನು ಇಸ್ತ್ರಿ ಮಾಡಿ, ನ್ಯೂಸ್‌ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಎದೆಯ ಭಾಗದ ತುಂಡಿನಲ್ಲಿ ಎಳೆ ಓರೆಯಾಗಿ ಹೋಗಿದೆಯಾ, ನೇರವಾಗಿದೆಯಾ ನೋಡಿ ಪೇಪರಿನ ಮೇಲೆ ಬಾಣದ ಗುರುತು ಹಾಕಿ. ಓರೆ ಇದ್ದರೆ ನೀವೂ ಓರೆಯಲ್ಲೇ ಕತ್ತರಿಸಿ. ಎಲಾಸ್ಟಿಕ್ ಇಲ್ಲದ ಬಾಡಿ ಮೈಗೆ ಹೊಂದಿಕೊಳ್ಳುವುದೇ ಆ ಓರೆಯಿಂದ. ಕೆಳಪಟ್ಟಿ ಮಾತ್ರ ನೇರ ಎಳೆಯಲ್ಲಿರಬೇಕು, ಅದು ಹಿಗ್ಗಬಾರದು.

ನಾನು ಇಂಥ ಒಂದನ್ನು ಬಿಚ್ಚಿದ್ದೆ. ಹೆಗಲ ಪಟ್ಟಿಯ ಬುಡದಲ್ಲಿ, ಕಂಕುಳ ಹತ್ತಿರ, ಒಳಗಡೆ ಬೆರಳುಗುರಿನಷ್ಟು ಒಂದು ಚೌಕ ಬಟ್ಟೆ ಕೈಹೊಲಿಗೆಯಲ್ಲಿ ಕೂತಿತ್ತು. ಜಾಸ್ತಿ ಎಳೆತ ಬೀಳುವ ಜಾಗ ಅದು. ಹೊರಗಿನಿಂದ ಕಾಣುವುದೇ ಇಲ್ಲ. ಯಾರೂ ನೋಡದ ಕಡೆ ಅಷ್ಟು ಸಣ್ಣ ಹೊಲಿಗೆ! ನೀವೂ ಅಲ್ಲಿ ಒಂದು ಚೌಕ ಇಡಿ.

ಬಟ್ಟೆಗೆ ತೆಳ್ಳನೆ ಕೇಂಬ್ರಿಕ್ ಸಾಕು. ಇದನ್ನೂ ನೆನೆಸಿಯೇ ಕತ್ತರಿಸಿ. ಎರಡು ಬದಲಾವಣೆ ಮಾಡಿ. ಹಳೆಯದಕ್ಕೆ ಹಿಂದೆ ಹುಕ್ಕಿದ್ದರೆ ನೀವು ಮುಂದೆ ಇಡಿ. ಈ ವಯಸ್ಸಿನಲ್ಲಿ ಕೈ ಹಿಂದಕ್ಕೆ ಹೋಗುವುದು ಕಷ್ಟ. ಬೆರಳು ನಡುಗುತ್ತಿದ್ದರೆ ಹುಕ್ಕಿಗಿಂತ ದೊಡ್ಡ ಚಪ್ಪಟೆ ಗುಂಡಿ, ಕಾಜಾ ಒಳ್ಳೆಯದು. ಹೆಗಲ ಪಟ್ಟಿ ಒಂದೂವರೆ ಇಂಚು ಅಗಲ ಇರಲಿ. ಮೊದಲು ಹಳೇ ಬೆಡ್‌ಶೀಟಿನ ಬಟ್ಟೆಯಲ್ಲಿ ಕಚ್ಚಾ ಹೊಲಿದು ಹಾಕಿಸಿ ನೋಡಿ, ಕೈ ಮೇಲೆತ್ತಿಸಿ, ಕೂರಿಸಿ. ಅವರು "ಸರಿ ಐತಿ" ಅಂದ ಮೇಲೆ ಒಟ್ಟಿಗೆ ನಾಲ್ಕು ಹೊಲಿದುಬಿಡಿ.

ಬ್ರಾಗೆ 1914ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೇರಿ ಫೆಲ್ಪ್ಸ್ ಜೇಕಬ್ ಕೂಡ ಮೊದಲ ಸಲ ಅದನ್ನು ಮನೆಯಲ್ಲೇ, ಎರಡು ಕರ್ಚೀಫು ಮತ್ತು ರಿಬ್ಬನ್ ಸೇರಿಸಿ ಹೊಲಿಸಿಕೊಂಡವರು. ಅತ್ತೆಗೆ ಇದನ್ನೂ ಹೇಳಿ, ನಾಚಿಕೆ ಸ್ವಲ್ಪ ಕಡಿಮೆಯಾಗಬಹುದು.

ಲಾಡಿಯ ಒಳಲಂಗವನ್ನೇ ಹಾಕುತ್ತೇನೆ. ಒಗೆದಾಗಲೆಲ್ಲ ಲಾಡಿ ಒಳಗೆ ಹೋಗಿಬಿಡುತ್ತೆ. ಉಪಾಯ ಹೇಳಿ.
— ವಿದ್ಯಾರ್ಥಿನಿ, ಮೈಸೂರು

ಎರಡೂ ತುದಿ ಸಮ ಮಾಡಿಕೊಂಡು, ಹಿಂದೆ ಬೆನ್ನಿನ ನಡುವೆ ಪಟ್ಟಿಯ ಮೇಲೆ ಲಾಡಿಯೂ ಸೇರುವ ಹಾಗೆ ನೆಟ್ಟಗೆ ಒಂದು ಹೊಲಿಗೆ ಹಾಕಿ. ಸೂಜಿ ದಾರ ಇದ್ದರೆ ಹಾಸ್ಟೆಲಿನಲ್ಲೇ ಎರಡು ನಿಮಿಷದ ಕೆಲಸ. ಲಾಡಿಯನ್ನೂ ಬದಲಾಯಿಸಿ, ಹುರಿ ಹಗ್ಗದ ಬದಲು ಮುಕ್ಕಾಲು ಇಂಚಿನ ಚಪ್ಪಟೆ ಟೇಪು ಪೋಣಿಸಿ. ಗಂಟನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಕಟ್ಟಿ.